ಮಸ್ಕಿಯ ಒಲೆಗಳನ್ನು ತೂಗಿದವರು

1996ರ ಮೇ 31ರ ಸಂಜೆ ಲಿಂಗಸುಗೂರಿನ ಒಂದು ಸರ್ಕಾರಿ ಕಚೇರಿಯಿಂದ ಅಂಕಿಅಂಶ ಸಹಾಯಕರೊಬ್ಬರು ನಿವೃತ್ತರಾದರು. ಹಾರ, ಶಾಲು, ಒಂದು ಗೋಡೆ ಗಡಿಯಾರ ಕೊಟ್ಟರು. ಎಲ್ಲರಿಗೂ ಮಂಡಾಳು ಒಗ್ಗರಣಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮಿರ್ಚಿ ಕೊಟ್ಟರು. ಮೂವರು ಮಾತನಾಡಿದರು. ಮೂವರೂ ಅವರ ಶಿಸ್ತನ್ನು ಹೊಗಳಿದರು. ಅವರ ಮೇಲೆ ಜರುಗಿದ್ದ ಶಿಸ್ತುಕ್ರಮದ ಬಗ್ಗೆ ಯಾರೂ ಮಾತೆತ್ತಲಿಲ್ಲ. ಅವರು ಎದ್ದು ನಿಂತು ಕೈಮುಗಿದು ಕುಳಿತರು. ಕುಳಿತ ಮೇಲೆ ಪಕ್ಕದ ಗುಮಾಸ್ತನನ್ನು ಕೇಳಿದರು: “ಈ ಮಂಡಾಳು ಯಾವ ಭಟ್ಟೀದು? ಅಲ್ಲಿ ಒಲಿಗೆ ಏನ್ ಹಾಕ್ತಾರ?”

ಗುಮಾಸ್ತನಿಗೆ ಗೊತ್ತಿರಲಿಲ್ಲ. “ತಿನ್ರಿ ಸಾಹೇಬ್ರ, ಇವತ್ತರ ಬಿಡ್ರಿ” ಎಂದ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ತಮ್ಮ ಹೆಸರು ಪತ್ರಿಕೆಯಲ್ಲಿ ಬರುವುದು ಅವರಿಗೆ ಯಾವತ್ತೂ ಇಷ್ಟವಿರಲಿಲ್ಲ. ಹಳ್ಳಿಗಳಲ್ಲಿ ಅವರನ್ನು ತಕ್ಕಡಿ ಸಾಹೇಬ್ರು ಅನ್ನುತ್ತಿದ್ದರು. ಅಷ್ಟು ಸಾಕು.

ನಾನು ಆಗ ಸಿಂಧನೂರಿನಲ್ಲಿದ್ದುಕೊಂಡು ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಅವರನ್ನು ಮೊದಲು ಕಂಡದ್ದು ಎಂಬತ್ತರ ದಶಕದ ನಡುವೆ, ಜವಳಗೇರಾ ಹತ್ತಿರದ ಭತ್ತದ ಗದ್ದೆಯೊಂದರಲ್ಲಿ. ಬೆಳೆ ಕಟಾವು ಪ್ರಯೋಗ ನಡೆದಿತ್ತು. ಗದ್ದೆಯೊಳಗೆ ಹಗ್ಗ ಕಟ್ಟಿ ಒಂದು ಚೌಕ ಮಾಡಿ, ಅಷ್ಟರ ಬೆಳೆ ಕೊಯ್ದು, ಬಡಿದು, ತೂಗಿ, ಅಂಥ ಹಲವು ಚೌಕಗಳಿಂದ ತಾಲೂಕಿನ ಇಳುವರಿ ಲೆಕ್ಕ ಹಾಕುವ ಸರ್ಕಾರಿ ಪದ್ಧತಿ ಅದು. ಚೌಕ ಎಲ್ಲಿ ಬೀಳಬೇಕೆಂಬುದನ್ನು ಒಂದು ಅಂಕಿಗಳ ಪಟ್ಟಿ ನೋಡಿ ಗೊತ್ತುಮಾಡುತ್ತಾರೆ. ರೈತನಾಗಲಿ ಅಧಿಕಾರಿಯಾಗಲಿ ಆರಿಸುವಂತಿಲ್ಲ. ಗದ್ದೆಯ ಮಾಲೀಕರು ಆಂಧ್ರದಿಂದ ಬಂದು ಕಾಲುವೆ ಪಕ್ಕದ ಕ್ಯಾಂಪಿನಲ್ಲಿ ನೆಲೆಸಿದವರು. ಚೆನ್ನಾಗಿ ಬೆಳೆದಿದ್ದ ಮೂಲೆ ತೋರಿಸಿ, “ಇಕ್ಕಡ ಪೆಟ್ಟಂಡಿ ಸಾರ್, ಇಲ್ಲಿ ಹಾಕ್ರಿ. ನಮ್ಮ ಹೊಲಕ್ಕ ಒಂದ್ ಮರ್ಯಾದಿ ಇರ್ಲಿ” ಅಂದರು. ಪಟ್ಟಿಯ ಪ್ರಕಾರ ಚೌಕ ಬಿದ್ದದ್ದು ನೀರು ನಿಂತು ಪೈರು ಹಳದಿಯಾದ ಕಡೆ.

“ನಾ ತೂಗೂದು ನೆಲ್ಲು ರೀ. ಮರ್ಯಾದಿ ತೂಗೂ ತಕ್ಕಡಿ ನಮ್ಮ ಆಫೀಸಿನಾಗ ಕೊಟ್ಟಿಲ್ಲ” ಎಂದು ಇವರು ಗೂಟ ಬಡಿಸಿದರು.

ಭತ್ತ ತೂಗಿದ ಮೇಲೆ ಹುಲ್ಲನ್ನೂ ತೂಗಿದರು. ನಾನು ಅವರ ಕೈಲಿದ್ದ ಫಾರಂ ನೋಡಿದೆ. ಹುಲ್ಲಿಗೆ ಅದರಲ್ಲಿ ಜಾಗವಿರಲಿಲ್ಲ. ಕೇಳಿದಾಗ ಹೇಳಿದರು: “ಫಾರಂನಾಗ ಇಲ್ಲ, ಖರೆ. ಆದ್ರ ಹೊಲದಾಗ ಐತಲ್ಲ?” ಹುಲ್ಲಿನ ತೂಕ ಒಂದು ಬೇರೆ ನೋಟ್‌ಬುಕ್ಕಿಗೆ ಹೋಯಿತು. ಆ ಪುಸ್ತಕ ಸರ್ಕಾರದ್ದಲ್ಲ, ತಾವೇ ಕೊಂಡದ್ದು.

ಅವರು ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಅಕ್ಷರ ಕಲಿತವರು. ಕೂಡುವಾಗ, ಕಳೆಯುವಾಗ ತುಟಿಯಲ್ಲಿ ಉರ್ದು ಓಡುತ್ತಿತ್ತು. ಬರೆಯುವುದು ಕನ್ನಡದಲ್ಲಿ. ಮೇಲಧಿಕಾರಿಗೆ ಹೋಗುವ ತಖ್ತೆ, ಅಂದರೆ ಅಂಕಿಗಳ ಕೋಷ್ಟಕ, ಇಂಗ್ಲಿಷಿನಲ್ಲಿ. ಮೂರರ ಪೈಕಿ ಯಾವ ಭಾಷೆಯಲ್ಲಿ ತಪ್ಪು ಕಡಿಮೆ ಎಂದು ಒಮ್ಮೆ ಕೇಳಿದೆ. “ಗಲತಿ ಭಾಷಾದಾಗ ಇರಂಗಿಲ್ಲ ರೀ. ನೋಡೂದ್ರಾಗ ಇರ್ತೈತಿ” ಅಂದರು. ಆಗ ಅದು ನನಗೆ ದೊಡ್ಡ ಮಾತಾಗಿ ಕಾಣಲಿಲ್ಲ.

ಮಸ್ಕಿ ಬಸ್ ನಿಲ್ದಾಣದ ಎದುರು ಗೌರಮ್ಮ ಎಂಬವರ ಖಾನಾವಳಿ ಇತ್ತು. ಸಿಂಧನೂರಿನಿಂದ ನಾನು, ಲಿಂಗಸುಗೂರಿನಿಂದ ಅವರು, ಕೆಲಸದ ಮೇಲೆ ಬಂದಾಗ ಅಲ್ಲಿ ಊಟಕ್ಕೆ ಸೇರುತ್ತಿದ್ದೆವು. ತಟ್ಟೆ ಮುಂದೆ ಬಂದ ಕೂಡಲೇ ಅವರ ವಿಚಾರಣೆ ಶುರು. ಅಕ್ಕಿ ಎಲ್ಲಿಯದು? ಬಳಗಾನೂರು ಕಡೆಯದು. ಜೋಳ? ಲಿಂಗಸುಗೂರಿನ ಒಣ ಹೊಲದ್ದು. ಮೊಸರಿನ ಎಮ್ಮೆ ಏನು ಮೇಯುತ್ತದೆ, ನೀರು ಯಾವ ಬಾವಿಯದು, ಒಲೆಗೆ ಕಟ್ಟಿಗೆ ಯಾವ ಗುಡ್ಡದ್ದು. ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಳ್ಳುತ್ತಿದ್ದರು.

“ಸಾಹೇಬ್ರ, ರೊಟ್ಟಿ ಆರಾಕತ್ತೈತಿ” ಎಂದು ಗೌರಮ್ಮ ಗದರುತ್ತಿದ್ದರು. “ಪಲ್ಯಾನ ಹೊಟ್ಟಿಗೆ ಹಾಕ್ತೀರೋ, ಚೀಟಿಗೆ ಹಾಕ್ತೀರೋ?”

“ಹಂಗಲ್ಲ ಗೌರಕ್ಕ. ಈ ಒಂದು ತಟ್ಟಿ ಎಷ್ಟು ಹೊಲದ ಮ್ಯಾಲ ಕುಂತೈತಿ ಅಂತ ನೋಡಾಕತ್ತೀನಿ.”

“ನನ್ನ ತಟ್ಟಿ ಮೇಜಿನ ಮ್ಯಾಲ ಕುಂತೈತ್ರೀ. ಎತ್ತಿ ಉಣ್ರಿ.”

ಅವರು ಹುಡುಕುತ್ತಿದ್ದುದು ಏನೆಂಬುದನ್ನು ನನಗೆ ಒಂದು ಮಧ್ಯಾಹ್ನ ಬಿಡಿಸಿ ಹೇಳಿದರು. ನಕಾಶೆಯಲ್ಲಿ ಮಸ್ಕಿ ಒಂದು ಚುಕ್ಕೆ, ಸಿಂಧನೂರು ಅದಕ್ಕಿಂತ ತುಸು ದೊಡ್ಡ ಚುಕ್ಕೆ. ಆದರೆ ಒಂದು ಊರು ಉಣ್ಣುವುದು, ಸುಡುವುದು, ಕುಡಿಯುವುದು, ಅದರ ದನ ಮೇಯುವುದು, ಅದು ಹೊರಗೆ ಚೆಲ್ಲುವುದು, ಇಷ್ಟಕ್ಕೂ ಎಷ್ಟು ನೆಲ ಬೇಕೋ ಅಷ್ಟೂ ಆ ಊರಿನ ಮೈ. “ಆ ಮೈ ಎಲ್ಲೀತನ ಚಾಚೈತಿ ಅಂತ ಗೊತ್ತಾಗದ, ಯಾವ ನೆಲ ಖಾಲಿ ಐತಿ, ಯಾವುದು ಇಲ್ಲ ಅಂತ ಹೆಂಗ ಹೇಳ್ತೀರಿ? ದಫ್ತರದಾಗ ಖಾಲಿ ಅಂತ ಬರದ ನೆಲ ಯಾರದಾರ ಒಲ್ಯಾಗ ಉರಿಯಾಕತ್ತಿರ್ತೈತಿ.” ಇಂಥ ಲೆಕ್ಕ ಬೇರೆ ದೇಶಗಳಲ್ಲಿ ಹಾಕುತ್ತಾರೆಂಬುದನ್ನು ನಾನು ಬಹಳ ವರ್ಷಗಳ ನಂತರ ಓದಿದೆ. ಅವರು ಓದಿದ್ದರೋ ಇಲ್ಲವೋ ತಿಳಿಯದು. ಕೇಳಿದರೆ ಹುಲ್ಲಿನ ನೋಟ್‌ಬುಕ್ ತೋರಿಸುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮಸ್ಕಿ ಮತ್ತು ಲಿಂಗಸುಗೂರಿನ ನಡುವಿನ ಒಂದು ಹಳ್ಳಿಯ ಗುಡ್ಡದ ಕಡತ ಅವರ ಮೇಜಿಗೆ ಬಂತು. ಆ ಗುಡ್ಡ ಗಾಯರಾಣ, ಅಂದರೆ ಊರ ದನಕರು ಮೇಯಲು ಬಿಟ್ಟ ಸರ್ಕಾರಿ ನೆಲ. ಅದನ್ನು ಸುತ್ತ ಕಂದಕ ತೋಡಿ ಮುಚ್ಚಿ, ನೀಲಗಿರಿ ನೆಡುವ ಪ್ರಸ್ತಾವ ಇತ್ತು. ಮುಚ್ಚುವ ಮೊದಲು ಆ ನೆಲವನ್ನು ಯಾರು, ಎಷ್ಟು ಬಳಸುತ್ತಾರೆ ಎಂಬ ವರದಿ ಬೇಕಾಗಿತ್ತು. ಆ ಕೆಲಸ ಇವರಿಗೆ ಬಂತು. ಇಂಥ ಪ್ರಶ್ನೆಯನ್ನು ಸರ್ಕಾರ ತಾನಾಗಿ ಕೇಳಿದ್ದು ಅದೇ ಮೊದಲು ಎಂದು ಅವರು ಖುಷಿಯಲ್ಲಿದ್ದರು.

ಗುಡ್ಡಕ್ಕೆ ಹೋಗುವ ಬಂಡಿದಾರಿಯ ಬಾಯಲ್ಲಿ ಒಂದು ಬೇವಿನ ಮರ. ಅದರ ಬುಡದಲ್ಲಿ ಮೂರು ದಿನ, ಬೆಳಗಿನಿಂದ ಹೊತ್ತು ಮುಳುಗುವ ತನಕ, ಖಾಕಿ ಚೀಲ ಪಕ್ಕದಲ್ಲಿಟ್ಟು, ತೊಡೆಯ ಮೇಲೆ ರಿಜಿಸ್ಟರ್ ತೆರೆದು ಕುಳಿತರು. ಮೂರು ದಿನದಲ್ಲಿ ಕಟ್ಟಿಗೆ ಹೊರೆ ಹೊತ್ತು ಅವರ ಮುಂದೆ ಹಾದು ಹೋದವರು ಇಬ್ಬರೇ ಹೆಂಗಸರು, ದಿನವೂ ಅದೇ ಇಬ್ಬರು. ಅದನ್ನೇ ಬರೆದರು: ದಿನಕ್ಕೆ ಇಬ್ಬರು. ಸಹಿ ಮಾಡಿದರು. ಆ ಸಂಖ್ಯೆ ನನಗೂ ಸಿಕ್ಕಿತು. ಗುಡ್ಡದ ಬಳಕೆ ಇಲ್ಲ, ನೆಡುತೋಪಿಗೆ ಅಡ್ಡಿಯಿಲ್ಲ ಎಂಬ ನನ್ನ ಸುದ್ದಿ ಪತ್ರಿಕೆಯ ಮೊದಲ ಪುಟದ ಕೆಳಭಾಗದಲ್ಲಿ ಬಂತು.

ಕೆಲವು ತಿಂಗಳ ಮೇಲೆ ಆ ಹಳ್ಳಿಯ ಚಾವಡಿಗೆ ನೋಟಿಸು ಅಂಟಿಸಿದರು. ಗುಡ್ಡ ಮುಚ್ಚಲಾಗುವುದು, ಆಕ್ಷೇಪಣೆ ಇದ್ದವರು ಎರಡು ತಿಂಗಳೊಳಗೆ ಲಿಂಗಸುಗೂರಿಗೆ ಬಂದು ಹೇಳಬಹುದು. ಅದೇ ವಾರ ನಾವಿಬ್ಬರೂ ಗೌರಮ್ಮನ ಖಾನಾವಳಿಯಲ್ಲಿ ಊಟಕ್ಕೆ ಕುಳಿತಿದ್ದಾಗ, ಹಿತ್ತಲ ಬಾಗಿಲಿನಿಂದ ಕಟ್ಟಿಗೆ ಹೊರೆ ಹೊತ್ತು ಹುಲಿಗೆಮ್ಮ ಬಂದಳು. ಆ ಹಳ್ಳಿಯವಳು, ನಲವತ್ತರ ಆಚೆಯ ವಯಸ್ಸು, ಗೌರಮ್ಮನ ಒಲೆಗೆ ವರ್ಷಗಳಿಂದ ಕಟ್ಟಿಗೆ ಹಾಕುವವಳು. ಹೊರೆ ಇಳಿಸಿ, ಸಿಂಬಿ ಬಿಚ್ಚಿ, ನಮ್ಮ ಕಡೆ ನೋಡಿದವಳು ಹಾಗೇ ನಿಂತಳು.

“ಗೌರಕ್ಕಾ, ಈ ಜಂಗ್ಲಿ ಸಾಹೇಬ ಇಲ್ಲೇ ಉಣ್ತಾನೇನು?” ಅರಣ್ಯ ಇಲಾಖೆಯವರನ್ನು ಆ ಕಡೆ ಹಾಗೆ ಕರೆಯುತ್ತಿದ್ದರು.

“ಯಾವ ಜಂಗ್ಲಿ ಸಾಹೇಬ? ಅವರು ಲೆಕ್ಕದವರವ್ವ, ತಕ್ಕಡಿ ಸಾಹೇಬ್ರು.”

“ಅಲ್ಲಬೇ, ಇವ್ರ! ಬೇವಿನಗಿಡದ ಬುಡಕ ಮೂರು ದಿನ ದೇವರ ಕುಂತಂಗ ಕುಂತಿದ್ರಲ್ಲ, ಖಾಕಿ ಚೀಲ ಇಟಗೊಂಡು! ಕಟಿಗಿ ತರೋರ ಹೆಸರು ಬರಕೊಂಡು ದಂಡ ಹಾಕಾಕ ಜಂಗಲ್‌ದವ್ರು ಬಂದಾರಂತ ಊರ ತುಂಬ ಸುದ್ದಿ. ಇವರ ದೆಸಿಂದ ಮೂರು ದಿನ ಹಿಂದಿನ ಕೊಳ್ಳದಾಗ ಇಳಿದು ಬಂದೀವಿ ನಾವು. ಅಂಗಾಲಾಗ ಮುಳ್ಳ ಇನ್ನೂ ಅದಾವು, ತಗದು ತೋರಸ್ಲೇನು?”

ಅವರು ತುತ್ತು ಕೆಳಗಿಟ್ಟರು. “ಎಷ್ಟು ಮಂದಿ ಬಂದ್ರಿ ಯವ್ವಾ, ಆ ಹಿಂದಿನ ಹಾದ್ಯಾಗ?”

“ಎಷ್ಟು ಮಂದಿ ಅಂದ್ರ ಏನ್ ಹೇಳ್ಲಿ? ಊರಿಗೂರ.”

“ಹಂಗಾದ್ರ ನನ್ನ ಮುಂದ ಹಾದು ಹೋದ ಆ ಇಬ್ಬರು?”

ಹುಲಿಗೆಮ್ಮ ನಕ್ಕಳು. “ಒಬ್ಬಾಕಿಗೆ ಕಿವಿ ಕೇಳಂಗಿಲ್ರೀ, ನಾವು ಒದರಿದ್ದು ಆಕಿಗೆ ಗೊತ್ತಾಗಿಲ್ಲ. ಇನ್ನೊಬ್ಬಾಕಿ ಆಗ ಲಗ್ನ ಆಗಿ ಬಂದಾಕಿ, ಕೊಳ್ಳದ ಹಾದಿ ಗೊತ್ತಿರಲಿಲ್ಲ.”

ಗೌರಮ್ಮನೂ ನಕ್ಕರು. ತಕ್ಕಡಿ ಸಾಹೇಬ್ರು ನಗಲಿಲ್ಲ. ಹುಲಿಗೆಮ್ಮನ ಮುಖದ ನಗುವೂ ಬೇಗ ಹೋಯಿತು. ಗುಡ್ಡ ಮುಚ್ಚಿದರೆ ತನಗೆ ಒಲೆಯೂ ಇಲ್ಲ, ಸಂತೆಯೂ ಇಲ್ಲ, ಎರಡು ಆಡು ಮಾರಬೇಕು, ಕಾಲುವೆ ಕಡೆ ಕೂಲಿಗೆ ಹೋಗಬೇಕು ಎಂದಳು. “ದಿನಾ ಇಬ್ಬರ ಬರ್ತಾರಂತ ಯಾರೋ ಬರದು ಕೊಟ್ಟಾರಂತ. ಯಾವ ಕಣ್ಣಿಲೆ ನೋಡ್ಯಾನೋ ಆ ಪುಣ್ಯಾತ್ಮ!”

“ನಾನ ಬರದೀನಿ” ಎಂದರು ಅವರು.

ಬಸ್ಸಿಗೆ ನಡೆಯುವಾಗ ನನ್ನ ಕಡೆ ತಿರುಗಿ, “ನೀವೂ ಅದನ್ನ ಪೇಪರಿಗೆ ಹಾಕಿದ್ರಿ. ಒಬ್ಬಾಕಿನ್ನಾದ್ರೂ ಕೇಳಿದ್ರೇನು?” ಎಂದರು. ನಾನು ಕೇಳಿರಲಿಲ್ಲ.

ಸಹಿಯಾದ ಸಂಖ್ಯೆಯನ್ನು ತಿದ್ದುವ ಪದ್ಧತಿ ಅವರ ಕಚೇರಿಯಲ್ಲಿ ಇರಲಿಲ್ಲ. ಮೇಲಿನವರು ಕೇಳದೆ ಎರಡನೇ ವರದಿ ಕೊಡುವಂತೆಯೂ ಇರಲಿಲ್ಲ. ನಿವೃತ್ತಿಗೆ ಕೆಲವೇ ವರ್ಷ ಉಳಿದಿತ್ತು. ಅವರು ರಜೆ ಹಾಕಿದರು. ಮತ್ತೆ ಗುಡ್ಡದ ದಾರಿಯಲ್ಲಿ ಕುಳಿತರೆ ಮತ್ತೆ ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. ಹಾಗಾಗಿ ಲೆಕ್ಕವನ್ನು ಇನ್ನೊಂದು ತುದಿಯಿಂದ ಹಿಡಿದರು. ಕಟ್ಟಿಗೆ ಎಲ್ಲಿಂದ ಹೊರಡುತ್ತದೆ ಎಂದು ನೋಡುವ ಬದಲು, ಎಲ್ಲಿ ಉರಿಯುತ್ತದೆ ಎಂದು ನೋಡಲು ಮಸ್ಕಿಗೆ ಬಂದರು.

ಒಂದು ದಿನ ನಾನೂ ಜೊತೆಗಿದ್ದೆ. ಖಾಕಿ ಚೀಲ, ರಿಜಿಸ್ಟರ್ ಎರಡನ್ನೂ ಗೌರಮ್ಮನ ಅಡುಗೆಮನೆಯಲ್ಲಿ ಬಿಟ್ಟಿದ್ದರು. ಚಹಾದಂಗಡಿ, ಮಿರ್ಚಿ ಬಂಡಿ, ಮಂಡಾಳು ಭಟ್ಟಿ, ಇನ್ನೆರಡು ಖಾನಾವಳಿ, ಊರ ಹೊರಗಿನ ಇಟ್ಟಿಗೆ ಭಟ್ಟಿಗಳು. ಎಲ್ಲೂ ‘ಎಷ್ಟು ಕಟ್ಟಿಗೆ ಸುಡುತ್ತೀರಿ’ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ತೆರಿಗೆಯವರೆಂದು ತಿಳಿದು ಅರ್ಧ ಹೇಳುತ್ತಾರೆ ಎಂಬುದು ಅವರಿಗೆ ಈಗ ಗೊತ್ತಿತ್ತು. ಚಹಾ ಕುಡಿಯುತ್ತ, “ಮೊನ್ನೆ ಮಳಿ ಬಂದಾಗ ಕಟಿಗಿ ಬರಲಿಲ್ಲಂತಲ್ಲ, ಏನ್ ಮಾಡಿದ್ರಿ?” ಅನ್ನುತ್ತಿದ್ದರು.

“ಏನ್ ಮಾಡೂದ್ರೀ, ನಾಕು ಹೊರಿ ಬೇಕು ನನಗ ದಿನಾ. ಎರಡರಾಗ ಹೆಂಗೋ ದೂಡಿದೆ. ಭಜಿ ಹಸೀ ಆಗ್ಯಾವಂತ ಗಿರಾಕಿ ಬೈದು ಹ್ವಾದ್ರು” ಎಂದ ಮಿರ್ಚಿ ಬಂಡಿಯವನು. ಅವರಿಗೆ ಬೇಕಾದ್ದು ಸಿಕ್ಕಿತ್ತು. ಹೊರೆ ಎಂದರೆ ಎಷ್ಟು ತೂಕ ಎಂಬುದನ್ನು ಗೌರಮ್ಮನ ಹಿತ್ತಲಲ್ಲಿ ಹುಲಿಗೆಮ್ಮನ ಹೊರೆಗಳನ್ನೇ ತೂಗಿ ತಿಳಿದುಕೊಂಡರು.

“ಹೊಲಾ ತೂಗಿದ್ರಿ, ಹುಲ್ಲು ತೂಗಿದ್ರಿ, ಈಗ ನನ್ನ ಒಲಿಗೆ ಬಂದೀರಿ. ನಾಳೆ ನನ್ನೂ ತೂಗ್ತೀರೇನು?” ಎಂದು ಗೌರಮ್ಮ ಕೇಳಿದರು.

“ನಿಮ್ಮನ್ನ ತೂಗಾಕ ಈ ತಕ್ಕಡಿ ಸಾಲಂಗಿಲ್ಲ ಗೌರಕ್ಕ.”

ಅವರ ಬಾಯಲ್ಲಿ ನಾನು ಕೇಳಿದ ತಮಾಷೆಗಳು ಕಡಿಮೆ. ಅದು ಅವುಗಳಲ್ಲಿ ಒಂದು.

ಆಮೇಲೆ ಹುಲಿಗೆಮ್ಮನನ್ನು ಕರೆದುಕೊಂಡು ಗುಡ್ಡ ಹತ್ತಿದರು. ಬೆಳೆ ಕಟಾವಿಗೆ ಕಟ್ಟುವ ಹಾಗೆಯೇ ಹಗ್ಗ ಕಟ್ಟಿ ಒಂದೊಂದು ಕಡೆ ಚೌಕ ಮಾಡಿ, ಒಣಕಡ್ಡಿಯನ್ನೆಲ್ಲ ಆರಿಸಿ ತೆಗೆಸಿ, ತಿಂಗಳ ನಂತರ ಮತ್ತೆ ಹೋಗಿ ಅಲ್ಲಿ ಬಿದ್ದದ್ದನ್ನು, ಚಿಗುರಿದ್ದನ್ನು ತೂಗಿದರು. ಚೌಕಗಳ ಜಾಗವನ್ನು ಅಂಕಿಗಳ ಪಟ್ಟಿಯೇ ಹೇಳಿತು. “ಅಲ್ಲೇನೈತ್ರೀ, ಬರೀ ಕಲ್ಲು, ಇಲ್ಲಿ ಹಾಕ್ರಿ, ಇಲ್ಲಿ ಜಾಲಿ ಭಾಳ ಐತಿ” ಎಂದು ಹುಲಿಗೆಮ್ಮ ಜಗಳ ತೆಗೆದಳಂತೆ.

ಲೆಕ್ಕ ಮುಗಿದಾಗ ಅವರ ಮುಖ ಸರಿಯಿರಲಿಲ್ಲ. ಗುಡ್ಡವನ್ನು ದಿನವೂ ಬಳಸುವವರು ಹಲವು ಹತ್ತು ಮಂದಿ ಎಂಬುದು ಖಚಿತವಾಗಿತ್ತು. ಅದರ ಜೊತೆಗೇ ಇನ್ನೊಂದೂ ಖಚಿತವಾಗಿತ್ತು. ಮಸ್ಕಿಯ ಒಲೆಗಳು ವರ್ಷದಲ್ಲಿ ತೆಗೆದುಕೊಳ್ಳುವಷ್ಟನ್ನು ಆ ಗುಡ್ಡ ವರ್ಷದಲ್ಲಿ ಬೆಳೆಯುತ್ತಿರಲಿಲ್ಲ. ಬಳಕೆ ಇಲ್ಲ ಎಂದು ಮುಚ್ಚಲು ಹೊರಟಿದ್ದ ಗುಡ್ಡವನ್ನು, ಬಳಕೆ ಅತಿಯಾಗಿದೆ ಎಂದೂ ಮುಚ್ಚಬಹುದಿತ್ತು. ಖಾನಾವಳಿಯ ಹಿತ್ತಲಲ್ಲಿ ಇದನ್ನು ಅವರು ಹುಲಿಗೆಮ್ಮನಿಗೆ ಮುಚ್ಚಿಡದೆ ಹೇಳಿದರು. “ಈ ಲೆಕ್ಕಾನೂ ಪೂರಾ ನಿನ್ನ ಕಡೆ ಇಲ್ಲ ಯವ್ವಾ.”

“ಗುಡ್ಡ ಬೋಳಾಗಾಕತ್ತೈತಿ ಅಂತ ನಮಗ ಗೊತ್ತಿಲ್ಲೇನ್ರೀ? ದಿನಾ ಏರೋರು ನಾವು. ನಮ್ಮತ್ತಿ ಕಾಲಕ್ಕ ಒಂದು ತಾಸಿಗೆ ಹೊರಿ ಆಗತಿತ್ತು, ಈಗ ಅರ್ಧ ದಿನ. ಖರೆ ಬರೀರಿ. ಆದ್ರ ಮುಚ್ಚಬ್ಯಾಡ್ರಿ ಅಂತಾನೂ ಬರೀರಿ.”

“ಅದು ನನ್ನ ಕಾಲಂನಾಗ ಬರಂಗಿಲ್ಲ.”

“ಮತ್ತ ನಿಮ್ಮ ಕಾಲಂ ಅಗಲ ಮಾಡ್ರೀ!”

ಅವರು ಒಂದು ವಾರ ಮಸ್ಕಿಗೆ ಬರಲಿಲ್ಲ. ಸಿಂಧನೂರಿನಲ್ಲಿದ್ದರು. ಅಲ್ಲಿನ ರೈಸ್ ಮಿಲ್ಲುಗಳ ಹಿಂದೆ ಭತ್ತದ ಹೊಟ್ಟು ಗುಡ್ಡೆ ಬಿದ್ದಿರುತ್ತಿತ್ತು. ಮಿಲ್ಲಿನವರು ಅದನ್ನು ರಸ್ತೆ ಬದಿಗೆ ಸುರಿದು ಬೆಂಕಿ ಹಚ್ಚುತ್ತಿದ್ದರು. ಗಾಳಿ ಬಂದರೆ ಬಸ್ಸಿನ ಕಿಟಕಿಯೊಳಗೆ ಬೂದಿ. ನಾನು ಆ ಹೊಗೆಯ ಬಗ್ಗೆ ಎರಡು ಸಲ ಸುದ್ದಿ ಬರೆದಿದ್ದೆ. ಅವರು ಅದರ ತೂಕ ಕೇಳಿಕೊಂಡು ಮಿಲ್ಲಿನಿಂದ ಮಿಲ್ಲಿಗೆ ಅಲೆದರು. “ಇದನ್ನ ತಗೊಂಡು ಏನ್ ಮಾಡ್ತೀರಿ ಸಾರ್? ಬೇಕಂದ್ರ ಲಾರಿ ತರ್ರಿ, ಪುಕ್ಕಟ ತುಂಬಸ್ತೀನಿ, ಪೀಡಾ ಹೋಗ್ಲಿ” ಎಂದರು ಒಬ್ಬ ಮಾಲೀಕರು. ಆ ಮಾತನ್ನೂ ಅವರು ಹಾಗೇ ಬರೆದುಕೊಂಡರು.

ಎರಡನೇ ವರದಿ ಹನ್ನೊಂದು ಪುಟ. ಯಾರೂ ಕೇಳದಿದ್ದರೂ ಅದನ್ನು ಆಕ್ಷೇಪಣೆಗಳ ಜೊತೆ ಸೇರಿಸಿ ಕೊಟ್ಟರು. ಮೊದಲನೆಯ ಪುಟದಲ್ಲಿ ತಮ್ಮ ಹಿಂದಿನ ಸಂಖ್ಯೆ ತಪ್ಪು, ಅದು ಯಾಕೆ ತಪ್ಪಾಯಿತು ಎಂಬ ವಿವರ. ನಡುವೆ ಒಲೆಗಳ ಲೆಕ್ಕ, ಗುಡ್ಡದ ಲೆಕ್ಕ. ಕೊನೆಯಲ್ಲಿ, ಫಾರಂನಲ್ಲಿ ಇಲ್ಲದ ಒಂದು ಅಗಲವಾದ ಕಾಲಂ: ಇಟ್ಟಿಗೆ ಭಟ್ಟಿಗಳು ಕಟ್ಟಿಗೆ ಬಿಟ್ಟು ಸಿಂಧನೂರಿನ ಹೊಟ್ಟು ಸುಟ್ಟರೆ ಗುಡ್ಡ ಬೆಳೆಯುವುದೂ ಊರು ತೆಗೆಯುವುದೂ ಹತ್ತಿರ ಹತ್ತಿರ ಸಮವಾಗುತ್ತವೆ, ಆದ್ದರಿಂದ ಗುಡ್ಡ ಪೂರ್ತಿ ಮುಚ್ಚುವ ಅಗತ್ಯವಿಲ್ಲ. ಕೆಳಗೆ ಎರಡು ಕಡೆ ‘ಇದು ಅಂದಾಜು’ ಎಂದು ತಾವೇ ಬರೆದಿದ್ದರು.

ವಿಚಾರಣೆಯ ದಿನ ಹಳ್ಳಿಯಿಂದ ಎರಡು ಟ್ರ್ಯಾಕ್ಟರ್ ತುಂಬ ಜನ ಲಿಂಗಸುಗೂರಿಗೆ ಬಂದಿದ್ದರು. ಹೆಂಗಸರೇ ಹೆಚ್ಚು. ಹುಲಿಗೆಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಅಧಿಕಾರಿಗಳು ಎರಡೂ ವರದಿಗಳನ್ನು ಮುಂದಿಟ್ಟುಕೊಂಡು ಕೇಳಿದರು: “ಈ ಎರಡೂ ಸಹಿ ನಿಮ್ಮವೇ ಏನ್ರೀ?”

“ಎರಡೂ ನನ್ನವ ರೀ ಸಾಹೇಬ್ರ.”

“ವರ್ಷದೊಳಗೆ ಇಬ್ಬರು ಹೋಗಿ ಇಷ್ಟು ಮಂದಿ ಆದರಾ?”

“ಮಂದಿ ಹೆಚ್ಚಾಗಿಲ್ರೀ. ನಾ ಕುಂತ ಜಾಗ ತಪ್ಪಿತ್ತು.”

ಹಿಂದೆ ಯಾರೋ ನಕ್ಕರು. ಅಧಿಕಾರಿಗಳು ನಗಲಿಲ್ಲ. “ಇದರಲ್ಲಿ ಒಂದನ್ನು ಸುಳ್ಳು ಅಂತ ಬರೆದುಕೊಂಡರೆ ನಿಮಗೆ ತೊಂದರೆ ಆಗುತ್ತೆ, ಗೊತ್ತಲ್ಲ?”

“ಸುಳ್ಳಲ್ರೀ, ತಪ್ಪು. ಮೊದಲನೇದು ತಪ್ಪು ಅಂತ ಬರಕೋರಿ.”

ಅಧಿಕಾರಿಗಳು ಹಾಗೇ ಬರೆದುಕೊಂಡರು. ಒಂದು ತಿಂಗಳಲ್ಲಿ ಎರಡು ಆದೇಶ ಹೊರಟವು. ಒಂದರಲ್ಲಿ ಗುಡ್ಡದ ಪಡುವಣ ಮಗ್ಗುಲನ್ನು ಮಾತ್ರ ಮುಚ್ಚಿ ನೀಲಗಿರಿ ನೆಡುವುದು, ಮೂಡಣ ಮಗ್ಗುಲನ್ನು ಊರಿಗೆ ಬಿಡುವುದು ಎಂದಿತ್ತು. ಹೊಟ್ಟಿನ ಸಲಹೆಯನ್ನು ಪರಿಶೀಲಿಸಲಾಗುವುದು ಎಂದು ಕೊನೆಯ ಸಾಲು. ಇನ್ನೊಂದರಲ್ಲಿ, ಬೇಜವಾಬ್ದಾರಿಯಿಂದ ತಪ್ಪು ವರದಿ ಕೊಟ್ಟ ಕಾರಣಕ್ಕೆ ತಕ್ಕಡಿ ಸಾಹೇಬ್ರ ಒಂದು ವೇತನ ಬಡ್ತಿಯನ್ನು ತಡೆಹಿಡಿಯಲಾಗಿತ್ತು. ಮೇಲ್ಮನವಿ ಹಾಕಿ ಎಂದು ಸಹೋದ್ಯೋಗಿಗಳು ಹೇಳಿದರು. “ಅದರಾಗ ಬರದದ್ದು ಖರೇನ ಐತಲ್ಲ” ಎಂದು ಅವರು ಹಾಕಲಿಲ್ಲ.

ಮೊದಲ ಸುದ್ದಿಯ ತಿದ್ದುಪಡಿಯನ್ನು ನಾನು ಕಳಿಸಿದೆ. ಒಳಪುಟದಲ್ಲಿ ನಾಲ್ಕು ಸಾಲು ಬಂತು.

ಹೊಟ್ಟಿನ ಪರಿಶೀಲನೆ ನಡೆದ ದಾಖಲೆ ನನಗೆ ಸಿಕ್ಕಿಲ್ಲ. ಪಡುವಣ ಮಗ್ಗುಲು ಮುಚ್ಚಿದ ಮೇಲೆ ಕಟ್ಟಿಗೆ ತುಟ್ಟಿಯಾಯಿತು. ಮಸ್ಕಿಯ ಎರಡು ಇಟ್ಟಿಗೆ ಭಟ್ಟಿಯವರು ತಾವಾಗಿಯೇ ಸಿಂಧನೂರಿನಿಂದ ಹೊಟ್ಟು ತರಿಸತೊಡಗಿದರು. ಉಳಿದವರು ತರಿಸಲಿಲ್ಲ. ಗೌರಮ್ಮ ಗ್ಯಾಸ್ ಹಾಕಿಸಿಕೊಂಡರು. ರೊಟ್ಟಿಗೆ ಮಾತ್ರ ಕಟ್ಟಿಗೆ ಒಲೆಯೇ ಉಳಿಯಿತು.

ನಿವೃತ್ತಿಯ ನಂತರ ಅವರು ಲಿಂಗಸುಗೂರಿನಲ್ಲೇ ಮಗಳ ಮನೆಯ ಹತ್ತಿರ ಬಾಡಿಗೆಗೆ ಇದ್ದಾರೆ. 1998ರಲ್ಲಿ ಆ ಹಳ್ಳಿಯ ಹೆಂಗಸರು ತಮ್ಮ ಪಾಲಿನ ಮೂಡಣ ಮಗ್ಗುಲಿನ ಮೇಲ್ಭಾಗವನ್ನು ಎರಡು ವರ್ಷ ಯಾರೂ ಮುಟ್ಟಬಾರದೆಂದು ತಾವೇ ಗೊತ್ತುಮಾಡಿಕೊಂಡರು. ಹುಲಿಗೆಮ್ಮ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ, ಅಲ್ಲಿ ಎಷ್ಟು ಬೆಳೆಯುತ್ತದೆಂದು ತೂಗಿ ಹೇಳಲು ಅವರನ್ನು ಕರೆದಳು. ತಿಂಗಳಿಗೊಮ್ಮೆ ಹೋಗುತ್ತಾರೆ. ಆ ಲೆಕ್ಕವನ್ನು ಯಾವ ಕಚೇರಿಗೂ ಕಳಿಸಿಲ್ಲ. ಅದರ ಪುಸ್ತಕ ಹುಲಿಗೆಮ್ಮನ ಮನೆಯಲ್ಲಿದೆ.